ನೋಡದೆ ಉಳಿದ ಕೋಣೆ

ಮುಫೀದಾಳ ಕೈಚೀಲದಲ್ಲಿ ಸದಾ ಐದು ವಸ್ತುಗಳಿರುತ್ತವೆ: ದರ್ಜಿಯ ಅಳತೆ ಟೇಪು, ಬಟ್ಟೆಗೆ ಗುರುತು ಹಾಕುವ ಚಪ್ಪಟೆಯ ನೀಲಿ ಚಾಕ್, ಒಂದು ಟಾರ್ಚು, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಕೆಲವು ತುಂಡುಗಳು, ಗೇಣುದ್ದದ ಹಿಡಿಯ ಮರದ ಸುತ್ತಿಗೆ. ಅಲ್ ಮನ್ಸೂರಾದ ಮೆಟ್ರೊ ನಿಲ್ದಾಣದಲ್ಲಿ ಒಮ್ಮೆ ಕಾವಲಿನವನು ಚೀಲ ಬಿಚ್ಚಿಸಿ ನೋಡಿ, ನೀವು ದರ್ಜಿಯೋ ಬಡಗಿಯೋ ಎಂದು ಹಿಂದಿಯಲ್ಲಿ ಕೇಳಿದ್ದ. ಎರಡೂ ಅಲ್ಲ, ಮನೆಗಳ ನಾಡಿ ನೋಡುವವಳು ಎಂದು ಅವಳು ಉತ್ತರಿಸಿದಾಗ ನಕ್ಕು ಚೀಲವನ್ನು ಮರಳಿಸಿದ್ದ.

ನಲವತ್ತಾರರ ಮುಫೀದಾ ಉಳ್ಳಾಲದವಳು. ಮದುವೆಯಾಗಿ ದೋಹಾಕ್ಕೆ ಬಂದು ಇಪ್ಪತ್ತನಾಲ್ಕು ವರ್ಷಗಳಾದವು. ಗಂಡ ಫಾಯಿಝ್‌ಗೆ ಇಂಡಸ್ಟ್ರಿಯಲ್ ಏರಿಯಾದ ವಾಹನ ಬಿಡಿಭಾಗಗಳ ಮಳಿಗೆಯೊಂದರಲ್ಲಿ ಕೆಲಸ. ಅವಳು ಹದಿನೈದು ವರ್ಷ ಅಬಾಯಾ ಹೊಲಿಯುವ ಅಂಗಡಿಯೊಂದರ ಮಹಿಳಾ ವಿಭಾಗದಲ್ಲಿ ಅಳತೆ ತೆಗೆದಳು. ಅರಬ್ಬಿ ಭಾಷೆ ಅವಳಿಗೆ ಬಂದದ್ದು ಅಲ್ಲಿ. ತೋಳು, ಭುಜ, ಅಂಚುಗಳ ಅರಬ್ಬಿ, ಮದುವೆ ಮತ್ತು ಅತ್ತೆಯರ ಅರಬ್ಬಿ. ಅಂಗಡಿ ಮುಚ್ಚಿದ ಮೇಲೆ, ಕಡಿಮೆ ಆದಾಯದ ಕತಾರಿ ಕುಟುಂಬಗಳ ಹಳೆಯ ಮನೆಗಳನ್ನು ದುರಸ್ತಿ ಮಾಡಿಸಿಕೊಡುವ ಸೇವಾಸಂಸ್ಥೆಯೊಂದು ಅವಳನ್ನು ಕೆಲಸಕ್ಕೆ ತೆಗೆದುಕೊಂಡಿತು.

ಆ ದೇಶದಲ್ಲಿ ಸ್ವಂತ ಮನೆಯುಳ್ಳ ಬಡವರಿದ್ದಾರೆಂದರೆ ಊರಿನವರು ನಂಬುವುದಿಲ್ಲ. ಲುಸೈಲಿನ ಗಾಜಿನ ಗೋಪುರಗಳ ಚಿತ್ರವನ್ನಷ್ಟೇ ನೋಡಿದವರಿಗೆ ಅದು ಸಹಜ. ಗೋಪುರದ ಚಿತ್ರ ತೆಗೆಯುವವನು ಗೋಪುರದ ಕಡೆಗೇ ಮುಖ ಮಾಡಿ ನಿಂತಿರುತ್ತಾನೆ. ಅವನ ಬೆನ್ನ ಹಿಂದೆ ಏನಿದೆ ಎಂಬುದಕ್ಕೆ ಆ ಚಿತ್ರ ಸಾಕ್ಷಿಯಾಗಲಾರದು. ನಲವತ್ತು ಐವತ್ತು ವರ್ಷಗಳ ಹಿಂದೆ ಸಣ್ಣ ನೌಕರಿಯವರಿಗೆಂದು ಕಟ್ಟಿದ ಒಂದಂತಸ್ತಿನ ಕಾಂಕ್ರೀಟು ಮನೆಗಳು, ಅವುಗಳಲ್ಲಿ ವಿಧವೆಯರು, ಗಂಡನನ್ನು ಬಿಟ್ಟವರು, ಪಿಂಚಣಿಯಲ್ಲಿ ತಿಂಗಳು ತಳ್ಳುವವರು ಇದ್ದಾರೆ. ಮನೆ ಅವರದೇ, ಅದನ್ನು ನಿಲ್ಲಿಸಿಕೊಳ್ಳುವ ಶಕ್ತಿ ಮಾತ್ರ ಅವರಲ್ಲಿಲ್ಲ.

ಇಂಥ ಮನೆಗಳಲ್ಲಿ ಹಲವಕ್ಕೆ ಗಂಡುದಿಕ್ಕಿಲ್ಲ. ಹೆಂಗಸರು ಮಾತ್ರ ಇರುವ ಮನೆಯೊಳಗೆ ಪರಪುರುಷನಾದ ಎಂಜಿನಿಯರು ಕಾಲಿಡುವಂತಿಲ್ಲ. ಹಾಗಾಗಿ ಸಂಸ್ಥೆಯ ಎಂಜಿನಿಯರು ಲ್ಯಾನ್ಸ್‌ಲಾಟ್ ಒಂದು ವ್ಯವಸ್ಥೆ ಮಾಡಿದರು. ಮೇಸ್ತ್ರಿ ದೇಜಪ್ಪ ಗೇಟಿನ ಹೊರಗೆ ಪಿಕಪ್ ಗಾಡಿಯಲ್ಲಿ ಫೋನು ಹಿಡಿದು ಕೂರುವುದು. ಮುಫೀದಾ ಒಳಗೆ ಹೋಗಿ ನೋಡುವುದು, ಮುಟ್ಟುವುದು, ಬಡಿಯುವುದು. ಕಟ್ಟಡದ ಬಗ್ಗೆ ಏನೂ ತಿಳಿಯದ ಟೈಲರಮ್ಮನನ್ನು ತಪಾಸಣೆಗೆ ಕಳುಹಿಸುವುದೇ ಎಂದು ಕಚೇರಿಯಲ್ಲಿ ಕೆಲವರು ಮೂಗು ಮುರಿದಾಗ, ಅವಳ ವರದಿಗೆ ನಾನು ಜವಾಬ್ದಾರ ಎಂದು ಲ್ಯಾನ್ಸ್‌ಲಾಟ್ ಬರೆದು ಕೊಟ್ಟಿದ್ದರು. ಆ ಒಂದು ಸಾಲು ಅವಳ ಮೇಲೆ ಹೊರೆಯಾಗಿಯೂ ಆಸರೆಯಾಗಿಯೂ ಇತ್ತು.

ಕಲಿಸಿದವರು ದೇಜಪ್ಪ. ಬಂಟ್ವಾಳ ತಾಲೂಕಿನವರು, ಅರುವತ್ತರ ಹತ್ತಿರ, ಮಾತಿಗಿಂತ ಕೆಮ್ಮು ಜಾಸ್ತಿ. ಕಾಂಕ್ರೀಟಿಗೆ ಸುತ್ತಿಗೆ ತಾಗಿಸಿದಾಗ ಗಟ್ಟಿಯಿದ್ದರೆ ಒಂದು ಸದ್ದು, ಒಳಗೆ ಬಿಟ್ಟುಕೊಂಡಿದ್ದರೆ ಇನ್ನೊಂದು ಸದ್ದು. “ಹಲಸಿನಕಾಯಿ ಬಡಿದು ನೋಡಿದ್ದೀರಲ್ಲ, ಅದೇ ಇದು. ಕಿವಿ ಉಂಟಲ್ಲ ನಿಮಗೆ, ಮತ್ತೆಂತ ಕಾಲೇಜು ಬೇಕು?” ಎಂದು ಅವರು ಮೊದಲ ದಿನವೇ ಹೇಳಿದ್ದರು. ತಮ್ಮ ಸ್ವಂತ ಮೂರ್ಖತನದ ಕತೆಯನ್ನೂ ಅವರು ಮುಚ್ಚಿಡಲಿಲ್ಲ. ಕರಾವಳಿಯಲ್ಲಿ ಹುಟ್ಟಿದವನಿಗೆ ನೀರೆಂದರೆ ಆಕಾಶದಿಂದ ಬೀಳುವಂಥದ್ದು. ದೋಹಾಕ್ಕೆ ಬಂದ ಮೊದಲ ವರ್ಷ ಒಂದು ಮನೆಯ ಗೋಡೆ ಒದ್ದೆಯಾಗಿದೆ ಎಂದದ್ದಕ್ಕೆ ಅವರು ಚಾವಣಿ ಪೂರ್ತಿ ಡಾಂಬರು ಬಳಿದರು. ಗೋಡೆ ಒಣಗಲಿಲ್ಲ. ಆ ಇಡೀ ವರ್ಷ ಅಲ್ಲಿ ಮಳೆ ಬಿದ್ದದ್ದೇ ಎರಡು ದಿನ. ಪಕ್ಕದ ಕೋಣೆಯ ಎಸಿಯಿಂದ ತಣ್ಣಗಾದ ಗೋಡೆಯ ಮೇಲೆ ಗಾಳಿಯ ತೇವವೇ ಕೂತು ಹನಿಯಾಗುತ್ತಿತ್ತು. ಅಂದಿನಿಂದ ಅವರು ಪ್ಲಾಸ್ಟಿಕ್ ಹಾಳೆಯನ್ನು ನಂಬಿದರು, ಕಣ್ಣನ್ನಲ್ಲ. ಹಾಳೆಯ ನಾಲ್ಕೂ ಅಂಚನ್ನು ಗೋಡೆಗೆ ಬಿಗಿಯಾಗಿ ಅಂಟಿಸಿ ಒಂದು ದಿನ ಬಿಡಬೇಕು. ಹನಿ ಹಾಳೆಯ ಒಳಮೈಯಲ್ಲಿ ಕೂತರೆ ನೀರು ಗೋಡೆಯೊಳಗಿಂದ ಬಂದದ್ದು. ಹೊರಮೈಯಲ್ಲಿ ಕೂತರೆ ಕೋಣೆಯ ಗಾಳಿಯಿಂದ. ಬೇಕಾದ್ದು ಒಂದು ದಿನದ ತಾಳ್ಮೆ, ಅಷ್ಟೇ.

ಎರಡು ವರ್ಷಗಳಲ್ಲಿ ಮುಫೀದಾ ಎಪ್ಪತ್ತಕ್ಕೂ ಹೆಚ್ಚು ಮನೆಗಳನ್ನು ನೋಡಿದಳು. ಅವಳ ವರದಿಯನ್ನು ಯಾರೂ ಸುಳ್ಳು ಮಾಡಿರಲಿಲ್ಲ. ಯಾರೂ ಪರೀಕ್ಷಿಸಿರಲೂ ಇಲ್ಲ ಎಂಬುದು ಅವಳಿಗೆ ಹೊಳೆದದ್ದು ಬಹಳ ತಡವಾಗಿ.

ಜನವರಿಯ ಕೊನೆಯಲ್ಲಿ ಅಲ್ ವಕ್ರಾದ ಹಳೆಯ ಬಡಾವಣೆಯಿಂದ ಒಂದು ಅರ್ಜಿ ಬಂತು. ಮನೆ ಉಮ್ ಗಾನಿಮ್, ಅಂದರೆ ಗಾನಿಮ್‌ನ ತಾಯಿ, ಎಂದು ಕರೆಯಿಸಿಕೊಳ್ಳುವ ಎಪ್ಪತ್ತರ ವಿಧವೆಯದು. ಮಗ ಗಾನಿಮ್ ರಸ್ತೆ ಅಪಘಾತದಲ್ಲಿ ತೀರಿಕೊಂಡ ಮೇಲೆ, ಕಾಲೇಜಿಗೆ ಹೋಗುವ ಮೊಮ್ಮಗಳು ಹಸ್ನಾಳೊಡನೆ ಆಕೆ ಅಲ್ಲಿದ್ದರು. ಅರ್ಜಿ ಹಾಕಿದವಳು ಹಸ್ನಾ. ಚಾವಣಿ ಉದುರುತ್ತಿದೆ ಎಂದು ಒಂದೇ ವಾಕ್ಯ ಬರೆದಿದ್ದಳು.

ಮುಫೀದಾ ಹೋದ ದಿನ ಹಸ್ನಾ ಕಾಲೇಜಿನಲ್ಲಿದ್ದಳು. ಉಮ್ ಗಾನಿಮ್ ಅವಳನ್ನು ಅತಿಥಿಗಳನ್ನು ಕೂರಿಸುವ ಮಜ್ಲಿಸಿಗೆ ಕರೆದೊಯ್ದರು. ಗೋಡೆಗೆ ಹೊಸ ಬಣ್ಣ, ನೆಲಕ್ಕೆ ಶುಭ್ರ ಜಮಖಾನೆ, ಮೂಲೆಯಲ್ಲಿ ಬಖೂರಿನ ಧೂಪ. ಏಲಕ್ಕಿ ಹಾಕಿದ ಅರಬ್ಬಿ ಕಾಫಿ ಗಹ್ವಾ ಬಂತು, ಖರ್ಜೂರ ಬಂತು. ತಲೆಯಿಂದ ಪಾದದವರೆಗಿನ ಕಪ್ಪು ಅಬಾಯಾದಲ್ಲಿ ಆಕೆ ನೆಟ್ಟಗೆ ಕೂತಿದ್ದರು. ಭುಜದ ಮೇಲೆ ಸ್ವಲ್ಪ ಬಿಳಿ ಪುಡಿ ಬಿದ್ದಿತ್ತು. ಹಿಟ್ಟಿರಬೇಕು, ರೊಟ್ಟಿ ಮಾಡುತ್ತಿದ್ದವರನ್ನು ಎಬ್ಬಿಸಿದೆನಲ್ಲ ಎಂದು ಮುಫೀದಾ ನೊಂದುಕೊಂಡಳು. ಮಜ್ಲಿಸಿನ ಚಾವಣಿ ನೋಡಿದಳು, ಚಿತ್ರ ತೆಗೆದಳು, ಬಡಿದಳು, ಗಟ್ಟಿಯಿತ್ತು. ಅಡುಗೆಮನೆಯೂ ಪರವಾಗಿಲ್ಲ. ಒಳಗಿನ ಮಲಗುವ ಕೋಣೆಯ ಬಾಗಿಲಿಗೆ ದಪ್ಪ ಪರದೆ ಬಿದ್ದಿತ್ತು. ಅದರ ಕಡೆ ಅವಳು ತಿರುಗಿದಾಗ, ಅಲ್ಲಿ ಬಟ್ಟೆ ಹರವಿದೆ, ಇನ್ನೊಮ್ಮೆ ನೋಡಬಹುದು ಎಂದರು ಉಮ್ ಗಾನಿಮ್. ಎಲ್ಲ ಚೆನ್ನಾಗಿದೆ, ದೇವರಿಗೆ ಸ್ತುತಿ, ಹುಡುಗಿ ಸುಮ್ಮನೆ ಹೆದರಿ ಬರೆದಿದ್ದಾಳೆ ಎಂದೂ ಸೇರಿಸಿದರು.

ಮನೆಯೊಡತಿ ಎತ್ತದ ಪರದೆಯನ್ನು ಅತಿಥಿ ಎತ್ತಬಾರದು ಎಂಬುದನ್ನು ಮುಫೀದಾಳಿಗೆ ಅವಳ ಉಮ್ಮ ಉಳ್ಳಾಲದಲ್ಲಿ ಕಲಿಸಿದ್ದರು. ಆ ಪಾಠಕ್ಕೆ ಅರಬ್ಬಿಯಲ್ಲೂ ಅವಳ ಮನೆಮಾತಾದ ಬ್ಯಾರಿಯಲ್ಲೂ ಒಂದೇ ಅರ್ಥ. ಮೂರನೆಯ ಬಟ್ಟಲು ಮುಗಿಸಿ, ಸಾಕು ಎಂಬ ಸೂಚನೆಯಾಗಿ ಬಟ್ಟಲನ್ನು ಅಲುಗಿಸಿ, ಅವಳು ಎದ್ದು ಬಂದಳು.

ಗಾಡಿ ಹತ್ತಿದ ಅವಳು ಬಾಗಿಲು ಹಾಕುವ ಮೊದಲೇ ದೇಜಪ್ಪ ಮೂಗು ಅರಳಿಸಿದರು. “ಎಂತ ಮುಫೀದಾಕ್ಕ, ಅತ್ತರಿನ ಅಂಗಡಿಗೆ ಹೋಗಿ ಬಂದ ಹಾಗುಂಟು. ಬೆಳಿಗ್ಗೆ ಹತ್ತು ಗಂಟೆಗೆ ಇಷ್ಟು ಹೊಗೆ ಎಂತಕ್ಕೆ ಹಾಕಿದ್ದು ಅವ್ರು?”

“ಮರ್ಯಾದೆಗೆ, ದೇಜಪ್ಪಣ್ಣ. ಎಲ್ಲರೂ ನಿಮ್ಮ ಹಾಗೆ ಸಿಮೆಂಟಿನ ವಾಸನೆಯಲ್ಲಿ ಕೂತ್ಕೊಳ್ತಾರಾ?”

ದೇಜಪ್ಪ ಗಾಡಿ ಹೊರಡಿಸಿದರು. ಅವಳು ಫಾರಂ ತುಂಬಿದಳು: ಮನೆ ಒಳ್ಳೆಯ ಸ್ಥಿತಿಯಲ್ಲಿದೆ, ತುರ್ತು ಇಲ್ಲ. ಕಡತ ಕೆಳಗಿನ ಪಟ್ಟಿಗೆ ಇಳಿಯಿತು. ಆ ಪಟ್ಟಿಯ ಮನೆಗಳ ಸರದಿ ಬರುವುದು ಮುಂದಿನ ವರ್ಷ, ಬಂದರೆ.

ಮೂರು ವಾರಗಳ ನಂತರದ ಒಂದು ಶುಕ್ರವಾರ ಬೆಳಿಗ್ಗೆ ಮುಫೀದಾ ಅಕ್ಕಿರೊಟ್ಟಿ ಲಟ್ಟಿಸುತ್ತಿದ್ದಳು. ಜುಮಾ ನಮಾಜಿಗೆ ಹೊರಟಿದ್ದ ಫಾಯಿಝ್ ಅಡುಗೆಮನೆಯಲ್ಲಿ ಇಣುಕಿ, ತೋಳಿಗೆಲ್ಲ ಹಿಟ್ಟು ಮೆತ್ತಿಕೊಂಡಿದ್ದೀಯಲ್ಲ ಎಂದ. ಅವಳು ಕೈ ಕೊಡವಿಕೊಳ್ಳಲು ಹೋದವಳು ಹಾಗೆಯೇ ನಿಂತಳು. ಹಿಟ್ಟು ಮುಂಗೈಯಲ್ಲಿತ್ತು, ತೋಳಿನ ಅಂಚಿನಲ್ಲಿತ್ತು, ಹೊಟ್ಟೆಯ ಬಳಿ ಇತ್ತು. ಭುಜದ ಮೇಲೆ ಒಂದು ಕಣವೂ ಇರಲಿಲ್ಲ.

ಹದಿನೈದು ವರ್ಷ ಸಾವಿರಾರು ಅಬಾಯಾಗಳ ಭುಜಕ್ಕೆ ಪಿನ್ನು ಚುಚ್ಚಿದವಳು ಅವಳು. ಯಾವ ಕಲೆ ಎಲ್ಲಿಂದ ಬರುತ್ತದೆ ಎಂಬುದು ಅವಳಿಗೆ ಬರಹ ಓದಿದಷ್ಟು ಸಲೀಸು. ರೊಟ್ಟಿ ಮಾಡುವವಳ ಭುಜದ ಮೇಲೆ ಹಿಟ್ಟು ಬೀಳುವುದಿಲ್ಲ. ಭುಜದ ಮೇಲೆ ಬೀಳುವುದು ಮೇಲಿನಿಂದ ಉದುರುವಂಥದ್ದು.

ರೊಟ್ಟಿಯನ್ನು ಅಲ್ಲಿಗೇ ಬಿಟ್ಟು ಫೋನಿನಲ್ಲಿ ಆ ದಿನದ ಚಿತ್ರಗಳನ್ನು ತೆರೆದಳು. ಮಜ್ಲಿಸಿನ ಚಾವಣಿಯ ಚಿತ್ರದ ಕೆಳಮೂಲೆಯಲ್ಲಿ, ಒರಗುದಿಂಬಿನ ಹಿಂದೆ, ಮಡಚಿದ ಎರಡು ಹಾಸಿಗೆಗಳ ಅಂಚು ಕಾಣುತ್ತಿತ್ತು. ಪಕ್ಕದಲ್ಲಿ ಔಷಧದ ಚೀಲ. ಅತಿಥಿಗಳ ಕೋಣೆಯಲ್ಲಿ ಮನೆಯವರು ಮಲಗುವುದು ಬೇರೆಲ್ಲೂ ಮಲಗಲಾಗದಾಗ. ಎಲ್ಲವೂ ಚಿತ್ರದಲ್ಲಿತ್ತು. ಅವಳೇ ತೆಗೆದ ಚಿತ್ರ. ಅವಳು ನೋಡಿದ್ದು ಚಾವಣಿಯನ್ನಷ್ಟೇ.

ಫಾಯಿಝ್ ಹೊರಟುಹೋದ ಮೇಲೆ ಅವಳು ಮೇಜಿನ ಬಳಿ ಕೂತು ಎರಡು ವರ್ಷದ ವರದಿಗಳನ್ನು ಒಂದೊಂದಾಗಿ ತೆರೆದಳು. ಸುಳ್ಳು ಬರೆದಿರಲಿಲ್ಲ, ಕಂಡದ್ದನ್ನೇ ಬರೆದಿದ್ದಳು. ಆದರೆ ಕಾಣದೆ ಬಿಟ್ಟದ್ದು ಎಷ್ಟು ಎಂಬುದನ್ನು ಎಲ್ಲಿಯೂ ಬರೆದಿರಲಿಲ್ಲ. ಫಾರಮಿನಲ್ಲಿ ಅದಕ್ಕೊಂದು ಜಾಗವೇ ಇರಲಿಲ್ಲ. ಓದಿದವರಿಗೆ ನೋಡದ ಕೋಣೆಯೂ ಒಳ್ಳೆಯ ಕೋಣೆಯೇ ಆಗಿಬಿಟ್ಟಿತ್ತು. ಗೃಹಿಣಿ ಅಡ್ಡ ಹಾಕಿದ, ತಾನು ವಿನಯದಿಂದ ಹಿಂದೆ ಸರಿದ ಬಾಗಿಲುಗಳನ್ನು ನೆನಪಿನಿಂದ ಎಣಿಸಿದಳು. ಹನ್ನೊಂದು ಮನೆಗಳಾದವು.

ಅಲ್ಲಿ ವಾರದ ಕೆಲಸ ಶುರುವಾಗುವ ಭಾನುವಾರ ಬೆಳಿಗ್ಗೆ ಕಚೇರಿಯ ಮೆಟ್ಟಿಲಲ್ಲಿ ಅವಳು ಮೊದಲು ಹೇಳಿದ್ದು ದೇಜಪ್ಪನವರಿಗೆ. ಅವರು ಕೆಮ್ಮಿದರು. ನನ್ನ ಡಾಂಬರಿನ ಕತೆ ಹೇಳಿದಾಗ ನೀವು ನಕ್ಕಿದ್ದು ನೆನಪುಂಟು ಎಂದರು. ಆಮೇಲೆ, ಹೋಗಿ, ಬಾಗಿಲ ಹೊರಗೆ ನಾನಿರ್ತೇನೆ ಎಂದರು.

ಲ್ಯಾನ್ಸ್‌ಲಾಟ್ ಮಂಗಳೂರಿನವರು, ಮಿತಭಾಷಿ. ಅವಳು ಹೇಳಿ ಮುಗಿಸುವವರೆಗೂ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಇದ್ದರು. ಅವರು ಬರೆದುಕೊಟ್ಟ ಆ ಒಂದು ಸಾಲು ಇಬ್ಬರ ನಡುವೆ ಮೇಜಿನ ಮೇಲಿಟ್ಟಂತೆ ಇತ್ತು.

“ಇಂಥ ಮನೆ ಇದೊಂದೇ ಅಂತ ಹೇಗೆ ಗೊತ್ತು?” ಎಂದು ಕೇಳಿದರು.

ಅವಳು ಪಟ್ಟಿಯನ್ನು ಮುಂದಿಟ್ಟಳು. “ಒಂದೇ ಅಲ್ಲ ಸರ್. ಹನ್ನೊಂದು.”

ಅವರು ಹೆಸರುಗಳನ್ನು ಬೆರಳಿಟ್ಟು ಓದಿದರು. ಕನ್ನಡಕ ತೆಗೆದು ಒರೆಸಿದರು. “ನೀವು ಹೇಳದಿದ್ರೆ ನನಗಿದು ಗೊತ್ತಾಗ್ತಿರ್ಲಿಲ್ಲ.”

“ಅದಕ್ಕೇ ಹೇಳಿದ್ದು.”

“ಸರಿ. ಹನ್ನೊಂದಕ್ಕೂ ಪುನಃ ಹೋಗಿ. ವಕ್ರಾದಿಂದ ಶುರು ಮಾಡಿ. ಬರುವ ಭಾನುವಾರ ಸಮಿತಿ ಕೂತ್ಕೊಳ್ತದೆ, ಆಮೇಲೆ ಈ ವರ್ಷದ ಪಟ್ಟಿ ಖಲಾಸ್.” ಅವಳು ಬಾಗಿಲ ಬಳಿ ತಲುಪಿದಾಗ ಅವರು ಇನ್ನೊಂದು ಮಾತು ಹೇಳಿದರು. ವಕ್ರಾದ ಕೆಲವು ಹಳೆಯ ಮನೆಗಳ ಕಾಂಕ್ರೀಟಿಗೆ ಸಮುದ್ರದ ಮರಳು ಬಿದ್ದಿರಬಹುದು. ಹಾಗಿದ್ದರೆ ಉಪ್ಪು ಒಳಗಿನ ಕಬ್ಬಿಣವನ್ನು ಎಲ್ಲ ಕಡೆ ತಿಂದಿರುತ್ತದೆ. ಅದು ದುರಸ್ತಿಯಾಗದು, ಮನೆ ತೆರವು ಮಾಡಿಸಬೇಕಾಗುತ್ತದೆ. ನೋಡಿಕೊಂಡು ಬರೆಯಿರಿ ಎಂದರು.

ಈ ಬಾರಿ ಬಾಗಿಲು ತೆರೆದವಳು ಹಸ್ನಾ. ಮುಫೀದಾಳ ಮುಖ ಕಂಡದ್ದೇ ಅವಳ ಕಣ್ಣು ಅಜ್ಜಿಯ ಕಡೆ ಹೊರಳಿತು. ಉಮ್ ಗಾನಿಮ್ ಮತ್ತೆ ಮಜ್ಲಿಸಿನಲ್ಲೇ ಕೂರಿಸಿದರು, ಗಹ್ವಾ ತರಿಸಿದರು. ಮುಫೀದಾ ಬಟ್ಟಲನ್ನು ಮುಟ್ಟಲಿಲ್ಲ. ಆ ನೆಲದಲ್ಲಿ ಅತಿಥಿ ಬಟ್ಟಲು ಮುಟ್ಟದೆ ಇಟ್ಟರೆ, ಆಕೆಗೆ ಏನೋ ಬೇಕಾಗಿದೆ, ಅದು ಈಡೇರದೆ ಕುಡಿಯಲಾರಳು ಎಂದರ್ಥ. ಅಬಾಯಾ ಅಂಗಡಿಯಲ್ಲಿ ಕೇಳಿದ್ದ ಆ ಪದ್ಧತಿಯನ್ನು ಅವಳು ಬಳಸಿದ್ದು ಅದೇ ಮೊದಲು.

ಏನಾಗಬೇಕು ಎಂದು ಉಮ್ ಗಾನಿಮ್ ಕೇಳಿದರು.

ತಾನು ಈ ಮನೆಯ ಬಗ್ಗೆ ತಪ್ಪು ಬರೆದೆ ಎಂದು ಮುಫೀದಾ ಹೇಳಿದಳು. ನೋಡದ ಕೋಣೆಯನ್ನು ನೋಡಿದ ಹಾಗೆ ಬರೆದೆ. ಅದನ್ನು ತಿದ್ದದೆ ತನಗೆ ನೆಮ್ಮದಿಯಿಲ್ಲ. ತಿದ್ದುವುದು ನಿಮ್ಮ ಕೈಯಲ್ಲಿದೆ.

ಮುದುಕಿ ತಮ್ಮ ಬಟ್ಟಲನ್ನೂ ಕೆಳಗಿಟ್ಟರು. ಆಮೇಲೆ ನಿಧಾನವಾಗಿ, ಹಿಂದಿನ ಬೀದಿಯ ಒಂದು ಮನೆಯ ಕತೆ ಹೇಳಿದರು. ಅಲ್ಲಿ ಯಾರೋ ಬಂದು ಚಾವಣಿ ನೋಡಿದರು, ಅಪಾಯ ಎಂದು ಕಾಗದ ಅಂಟಿಸಿದರು, ಮನೆಯವರನ್ನು ಎಲ್ಲೋ ನಾಲ್ಕನೇ ಮಹಡಿಯ ಬಾಡಿಗೆ ಫ್ಲಾಟಿಗೆ ಸಾಗಿಸಿದರು. ಮೂರು ವರ್ಷವಾಯಿತು. ಮನೆಗೆ ಬೀಗ, ಅಂಗಳದಲ್ಲಿ ಬೆಕ್ಕುಗಳು. ತಮ್ಮ ಗಂಡ ಬಂದರಿನಲ್ಲಿ ಕಾವಲುಗಾರನಾಗಿದ್ದಾಗ ಸಿಕ್ಕ ಮನೆ ಇದು. ಗಾನಿಮ್ ನಡೆಯಲು ಕಲಿತದ್ದು ಈ ಅಂಗಳದಲ್ಲಿ. ಪರದೆ ಹಾಕಿದ್ದು ನಾಚಿಕೆಗಲ್ಲ.

“ಬಿಂತಿ, ನಿನ್ನ ಕಾಗದ ನೋಡಿ ನನ್ನನ್ನು ಇಲ್ಲಿಂದ ಎಬ್ಬಿಸಿದರೆ?” ಮಗಳೇ ಎಂದು ಕರೆದು ಕೇಳಿದ ಪ್ರಶ್ನೆಯದು.

ಎಬ್ಬಿಸುವುದಿಲ್ಲ ಎಂದು ಹೇಳುವುದು ಬಹಳ ಸುಲಭವಿತ್ತು. ಲ್ಯಾನ್ಸ್‌ಲಾಟರ ಕೊನೆಯ ಮಾತು ಅವಳ ಕಿವಿಯಲ್ಲಿತ್ತು.

“ಎಬ್ಬಿಸುವುದಿಲ್ಲ ಎಂದು ಮಾತು ಕೊಡುವ ಅಧಿಕಾರ ನನಗಿಲ್ಲ,” ಎಂದಳು ಮುಫೀದಾ. “ಇಡೀ ಕೋಣೆ ನೋಡುತ್ತೇನೆ. ಕೆಟ್ಟದ್ದು ಎಲ್ಲಿದೆ ಎಂದೂ ಬರೆಯುತ್ತೇನೆ, ಗಟ್ಟಿ ಎಲ್ಲಿದೆ ಎಂದೂ ಬರೆಯುತ್ತೇನೆ. ಒಂದಂಗುಲ ಬಿಡುವುದಿಲ್ಲ. ಅಷ್ಟನ್ನು ಮಾತ್ರ ಕೊಡಬಲ್ಲೆ.”

ಉಮ್ ಗಾನಿಮ್ ಅವಳ ಮುಖವನ್ನು, ಬಟ್ಟೆಯ ನೇಯ್ಗೆಯನ್ನು ನೋಡುವ ಹಾಗೆ ನೋಡಿದರು. ಎದ್ದು ಹೋಗಿ ಪರದೆಯನ್ನು ತಾವೇ ಸರಿಸಿದರು.

ಮಂಚವನ್ನು ಬಾಗಿಲವರೆಗೆ ಎಳೆದಿಡಲಾಗಿತ್ತು. ಅದು ಮೊದಲಿದ್ದ ಜಾಗದ ಮೇಲೆ, ಚಾವಣಿಯಲ್ಲಿ ಚಾಪೆಯಷ್ಟು ಅಗಲದ ಕಾಂಕ್ರೀಟು ಕಳಚಿ, ತುಕ್ಕು ಹಿಡಿದ ಕಬ್ಬಿಣದ ಸರಳುಗಳು ಕಾಣುತ್ತಿದ್ದವು. ನೆಲದಲ್ಲಿ ಒಂದು ದೊಡ್ಡ ಬೋಗುಣಿ; ಅದರಲ್ಲಿ ನೀರಿರಲಿಲ್ಲ, ಬಿಳಿ ಪುಡಿ ಮತ್ತು ಮುಷ್ಟಿ ಗಾತ್ರದ ಚೂರುಗಳಿದ್ದವು. ಉಮ್ ಗಾನಿಮ್ ದಿನಾ ಬೆಳಿಗ್ಗೆ ಅದನ್ನು ಖಾಲಿ ಮಾಡುತ್ತಿದ್ದರು. ಮುಫೀದಾ ಮೂರು ವಾರಗಳ ಬೆಳಗುಗಳನ್ನು ಮನಸ್ಸಿನಲ್ಲಿ ಎಣಿಸಿದಳು. ಒಂದು ಚೂರು ಭುಜದ ಬದಲು ತಲೆಯ ಮೇಲೆ ಬಿದ್ದಿದ್ದರೆ ಎಂಬ ಯೋಚನೆಯನ್ನು ಅಲ್ಲಿಗೇ ತಡೆದಳು. ಬೀಳಲಿಲ್ಲ. ಅದಕ್ಕೆ ಅವಳ ಜಾಣ್ಮೆ ಕಾರಣವಲ್ಲ, ಬರೇ ಅದೃಷ್ಟ. ಆದರೂ ಅವಳು ಮನಸ್ಸಿನಲ್ಲೇ ದೇವರಿಗೆ ಕೃತಜ್ಞತೆ ಹೇಳಿದಳು.

ಹಸ್ನಾ ಏಣಿ ಹಿಡಿದುಕೊಂಡಳು. ಮುಫೀದಾ ತಲೆಗೆ ಹೆಲ್ಮೆಟ್ ಹಾಕಿ, ಫೋನನ್ನು ಕುತ್ತಿಗೆಗೆ ತೂಗಿಕೊಂಡು, ಗೋಡೆಯ ಮೂಲೆಯಿಂದ ಆರಂಭಿಸಿ ಗೇಣು ಗೇಣಿಗೂ ಬಡಿಯುತ್ತ ಬಂದಳು. ಗೇಟಿನ ಹೊರಗೆ ಗಾಡಿಯಲ್ಲಿ ಕೂತಿದ್ದ ದೇಜಪ್ಪನವರ ದನಿ ಆಗಾಗ ಕೇಳುತ್ತಿತ್ತು. ಇನ್ನೊಮ್ಮೆ. ಸ್ವಲ್ಪ ಎಡಕ್ಕೆ. ಅದು ಟೊಳ್ಳು, ಗುರುತು ಹಾಕಿ. ಸದ್ದು ಬದಲಾದಲ್ಲೆಲ್ಲ ಅವಳು ನೀಲಿ ಚಾಕಿನಿಂದ ಗೆರೆ ಎಳೆದಳು, ಅಬಾಯಾದ ಕತ್ತರಿ ಗುರುತು ಎಳೆಯುವ ಅದೇ ನೇರದಲ್ಲಿ. ಎರಡು ಗಂಟೆ ಹಿಡಿಯಿತು.

ಕೆಳಗಿಳಿದು ತಲೆಯೆತ್ತಿದಾಗ ಚಾವಣಿಯ ಮೇಲೆ ಒಂದು ಆಕಾರ ಮೂಡಿತ್ತು. ಟೊಳ್ಳು ಎಲ್ಲ ಕಡೆ ಚದುರಿರಲಿಲ್ಲ. ಬಚ್ಚಲುಮನೆಯ ಗೋಡೆಯಿಂದ ಹೊರಟು, ಎರಡು ಅಡಿ ಅಗಲದ ಪಟ್ಟಿಯಾಗಿ, ನೇರವಾಗಿ ಎದುರಿನ ಮೂಲೆಗೆ ಸಾಗಿತ್ತು. ಉಳಿದ ಮುಕ್ಕಾಲು ಭಾಗ ಕಲ್ಲಿನಂತೆ ಗಟ್ಟಿ. ಚಿತ್ರವನ್ನು ಕಳುಹಿಸಿದಳು.

ದೇಜಪ್ಪ ಗಾಡಿಯಲ್ಲೇ ಚಿತ್ರವನ್ನು ಹಿಗ್ಗಿಸಿ ನೋಡಿದರು. ಆಮೇಲೆ, “ಮೇಲೆ ನೀರಿನ ಟಾಂಕಿ ಯಾವ ಮೂಲೆಯಲ್ಲಿ ಉಂಟು, ಕೇಳಿ,” ಎಂದರು.

ಟಾಂಕಿ ಅದೇ ಮೂಲೆಯಲ್ಲಿತ್ತು.

ಚಾವಣಿಗೆ ಅಂಗಳದಿಂದಲೇ ಮೆಟ್ಟಿಲಿತ್ತು. ದೇಜಪ್ಪ ಹತ್ತುವ ಮೊದಲು ಎರಡೂ ಕಡೆ ಕೇಳುವ ಹಾಗೆ ಗಂಟಲು ಕೆರೆದು ಕೂಗು ಹಾಕಿದರು. ನೆರೆಮನೆಯ ಅಂಗಳದ ಹೆಂಗಸರು ಒಳಗೆ ಹೋಗಲೆಂದು ಸ್ವಲ್ಪ ಹೊತ್ತು ಕಾದರು. ಆ ದಿನ ಸಂಜೆ ಮನೆಯ ಎಲ್ಲ ನಲ್ಲಿಗಳನ್ನು ಮುಚ್ಚಿಸಿ, ಟಾಂಕಿಗೆ ನೀರು ಬರುವುದನ್ನೂ ನಿಲ್ಲಿಸಿ, ಟಾಂಕಿಯೊಳಗೆ ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ಟೇಪು ಅಂಟಿಸಿದರು. ಕೋಣೆಯೊಳಗೆ ಮುಫೀದಾ ಗೆರೆಯ ಒಳಗೊಂದು, ಹೊರಗೊಂದು ಪ್ಲಾಸ್ಟಿಕ್ ಹಾಳೆ ಅಂಟಿಸಿದಳು. ಆ ದಿನಕ್ಕೆ ಅಜ್ಜಿ ಮೊಮ್ಮಗಳಿಬ್ಬರೂ ಬಕೆಟ್ಟಿನಲ್ಲಿ ತುಂಬಿಟ್ಟ ನೀರಿನಲ್ಲೇ ಕಳೆದರು.

ಮರುದಿನ ಬೆಳಿಗ್ಗೆ ಟಾಂಕಿಯ ನೀರು ಟೇಪಿನಿಂದ ನಾಲ್ಕು ಬೆರಳು ಕೆಳಗಿತ್ತು. ಗೆರೆಯ ಒಳಗಿನ ಹಾಳೆಯ ಒಳಮೈಯಲ್ಲಿ ಸಾಸಿವೆಯಷ್ಟು ಸಣ್ಣ ಹನಿಗಳು. ಹೊರಗಿನ ಹಾಳೆ ಎರಡೂ ಮೈ ಒಣ.

“ಮಳೆಯಲ್ಲ, ಗಾಳಿಯಲ್ಲ. ಉಪ್ಪೂ ಅಲ್ಲ ಅಂತ ಕಾಣ್ತದೆ,” ಎಂದರು ದೇಜಪ್ಪ. “ಚಾವಣಿಯ ಗಾರೆಯ ಅಡಿಯಲ್ಲಿ ಪೈಪು ಹೋಗ್ತದೆ, ಅದರದ್ದೊಂದು ಜಾಯಿಂಟ್ ಬಿಟ್ಟದ್ದು. ಹೆಬ್ಬೆಟ್ಟಿನಷ್ಟು ಜಾಯಿಂಟ್ ಮಾರಾಯ್ರೆ. ಇಷ್ಟಕ್ಕೆ ನಾನು ಒಂದು ಕಾಲದಲ್ಲಿ ಇಡೀ ಚಾವಣಿಗೆ ಡಾಂಬರು ಬಳಿದು ಹೋಗ್ತಿದ್ದೆ.”

ಕಾಣ್ತದೆ ಎಂಬುದು ಸಾಲದು ಎಂದರು ಲ್ಯಾನ್ಸ್‌ಲಾಟ್. ಚಾಕಿನ ನಕ್ಷೆಯನ್ನು ಅವರು ಮೇಜಿನ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದ್ದರು. ಅದು ಸಾಬೀತಲ್ಲ, ಆದರೆ ಸರಿಯಾದ ಪ್ರಶ್ನೆ ಕೇಳಲು ಸಾಕು ಎಂಬುದು ಅವರ ತೀರ್ಮಾನ. ಗಟ್ಟಿ ಭಾಗದಿಂದಲೂ ಟೊಳ್ಳು ಭಾಗದಿಂದಲೂ ಕಾಂಕ್ರೀಟಿನ ತುಣುಕು ತೆಗೆಸಿ ಪ್ರಯೋಗಾಲಯಕ್ಕೆ ಕಳುಹಿಸಿದರು. ಗುರುವಾರದವರೆಗೆ ಕಾಯಬೇಕಾಯಿತು. ಆ ಮೂರು ದಿನ ಮುಫೀದಾ ಉಳಿದ ಮನೆಗಳಿಗೆ ಹೋಗಿ ಬಂದಳು. ಸಂಜೆ ಹಸ್ನಾಳಿಂದ ಒಂದೇ ಸಂದೇಶ ಬರುತ್ತಿತ್ತು, ಏನಾದರೂ ತಿಳಿಯಿತಾ ಎಂದು. ಇನ್ನೂ ಇಲ್ಲ ಎಂದು ಉತ್ತರಿಸುವಾಗಲೆಲ್ಲ ಒಂದು ಸುಳ್ಳು ಸಮಾಧಾನ ಬರೆಯಬೇಕೆನಿಸುತ್ತಿತ್ತು. ಬರೆಯಲಿಲ್ಲ.

ಗುರುವಾರ ಮಧ್ಯಾಹ್ನ ಫಲಿತಾಂಶ ಬಂತು. ಎರಡೂ ತುಣುಕುಗಳಲ್ಲಿ ಉಪ್ಪು ಮಿತಿಯೊಳಗಿತ್ತು. ಭಾನುವಾರ ಸಮಿತಿ ಉಮ್ ಗಾನಿಮ್ ಅವರ ಮನೆಯನ್ನು ತುರ್ತು ಪಟ್ಟಿಗೆ ಸೇರಿಸಿತು. ತೆರವು ಬೇಕಿಲ್ಲ, ದುರಸ್ತಿ ಸಾಕು.

ಕೆಲಸ ನಡೆದ ನಾಲ್ಕು ವಾರ ಅಜ್ಜಿ, ಮೊಮ್ಮಗಳು ಗೋಡೆಯಾಚೆಯ ನೆರೆಮನೆಯಲ್ಲಿದ್ದರು. ನಲವತ್ತು ವರ್ಷದ ನೆರೆ, ಕೇಳಬೇಕಾಗಿಯೇ ಬರಲಿಲ್ಲ. ಹಳೆಯ ಪೈಪು ಮುಚ್ಚಿ ಹೊಸದನ್ನು ಹೊರಗೋಡೆಯ ಮೇಲೆ ಕಣ್ಣಿಗೆ ಕಾಣುವ ಹಾಗೆ ಹಾಯಿಸಿದರು. ಗೆರೆಯೊಳಗಿನ ಕಾಂಕ್ರೀಟನ್ನು ಪೂರ್ತಿ ಕೆತ್ತಿ, ಸರಳುಗಳ ತುಕ್ಕು ಉಜ್ಜಿ, ಸವೆದಲ್ಲಿ ಹೊಸ ಸರಳು ಜೋಡಿಸಿ, ಮತ್ತೆ ತುಂಬಿದರು. ದೇಜಪ್ಪ ಮೊದಲ ಬಾರಿಗೆ ಆ ಕೋಣೆಯೊಳಗೆ ನಿಂತು ನೀಲಿ ಗೆರೆಯನ್ನು ನೋಡಿದರು. ಈ ಟೈಲರಮ್ಮನ ಗೆರೆ ಬಿಟ್ಟು ಒಂದು ಇಂಚು ಆಚೆ ಕೆತ್ತಬೇಡಿ ಎಂದು ಕೆಲಸದವರಿಗೆ ಹಿಂದಿಯಲ್ಲಿ ಹೇಳಿದ್ದನ್ನು ಅವಳಿಗೆ ತಿಳಿಸಿದವರು ಬೇರೆಯವರು.

ಉಳಿದ ಹತ್ತು ಮನೆಗಳಲ್ಲಿ ಆರರ ಪರದೆಯ ಹಿಂದೆ ಇದ್ದದ್ದು ನಿಜವಾಗಿಯೂ ಹರವಿದ ಬಟ್ಟೆಗಳೇ. ನಾಲ್ಕರಲ್ಲಿ ಬೇರೆ ಏನೋ ಇತ್ತು. ಒಂದರಲ್ಲಿ ಮುರಿದ ಬಚ್ಚಲು, ಇನ್ನೊಂದರಲ್ಲಿ ಸುಟ್ಟ ವಿದ್ಯುತ್ ತಂತಿ. ಈಗ ಸಂಸ್ಥೆಯ ಫಾರಮಿನಲ್ಲಿ ಒಂದು ಅಂಕಣ ಹೆಚ್ಚಾಗಿದೆ: ನೋಡಲಾಗದ ಕೋಣೆಗಳು ಎಷ್ಟು, ಏಕೆ. ಅದನ್ನು ಸೇರಿಸಿದವರು ಲ್ಯಾನ್ಸ್‌ಲಾಟ್. ಮುಫೀದಾಳ ಪರವಾಗಿ ಬರೆದುಕೊಟ್ಟ ಸಾಲನ್ನು ಅವರು ಹಿಂತೆಗೆದುಕೊಳ್ಳಲಿಲ್ಲ.

ಏಪ್ರಿಲಿನಲ್ಲಿ ಉಮ್ ಗಾನಿಮ್ ಅವರಿಂದ ಕರೆ ಬಂತು. ಬಾಗಿಲಲ್ಲಿ ಎದುರ್ಗೊಂಡ ಹಸ್ನಾ ಮಜ್ಲಿಸನ್ನು ದಾಟಿ ಅವಳನ್ನು ನೇರವಾಗಿ ಒಳಗೆ ಕರೆದೊಯ್ದಳು. ಮಂಚ ಮೊದಲಿದ್ದ ಜಾಗಕ್ಕೆ ಮರಳಿತ್ತು. ಧೂಪವಿರಲಿಲ್ಲ; ಹೊಸ ಸುಣ್ಣದ ವಾಸನೆ ಮಾತ್ರ. ಗಹ್ವಾದ ತಟ್ಟೆ ಮಂಚದ ಪಕ್ಕದ ಸ್ಟೂಲಿನ ಮೇಲಿತ್ತು. ಪರರನ್ನು ಕೂರಿಸದ ಕೋಣೆ ಅದು. ಮುಫೀದಾ ಎಲ್ಲಿ ಕೂರುವುದೆಂದು ತಿಳಿಯದೆ ನಿಂತಾಗ ಉಮ್ ಗಾನಿಮ್ ಮಂಚದ ಅಂಚನ್ನು ತಟ್ಟಿ ತೋರಿಸಿದರು.

“ಮೊದಲು ಬಡಿದು ನೋಡು,” ಎಂದರು. “ನಿನ್ನ ಕಿವಿ ಗಟ್ಟಿಯಿದೆ ಎಂದರೆ ನನಗೆ ನಿದ್ದೆ ಬರುತ್ತದೆ.”

ಹಸ್ನಾ ಏಣಿ ತಂದಳು. ಮುಫೀದಾ ಚೀಲ ಬಿಚ್ಚಿ ಸುತ್ತಿಗೆ ತೆಗೆದಳು, ಗೇಟಿನ ಹೊರಗಿದ್ದ ದೇಜಪ್ಪನವರಿಗೆ ಫೋನು ಹಚ್ಚಿದಳು. ಮೂಲೆಯಿಂದ ಮೂಲೆಗೆ ಬಡಿದಳು. ಕೊನೆಯ ಪೆಟ್ಟಾದ ಮೇಲೆ ಅತ್ತಕಡೆಯಿಂದ ಒಂದು ಕೆಮ್ಮು ಕೇಳಿತು.

“ಸಾಕು, ಇಳಿಯಿರಿ. ನನಗೂ ಒಂದು ಲೋಟ ಕಳಿಸ್ಲಿಕ್ಕೆ ಹೇಳಿ ಅವ್ರ ಆ ಕಷಾಯ.”

ಅವಳು ಅದನ್ನು ಅರಬ್ಬಿಗೆ ತಿರುಗಿಸಿ, ಕಷಾಯ ಎಂಬ ಮಾತನ್ನು ಮಾತ್ರ ಬಿಟ್ಟು, ಹೇಳಿದಳು. ಉಮ್ ಗಾನಿಮ್ ನಗುತ್ತ ಫ್ಲಾಸ್ಕಿಗೆ ಗಹ್ವಾ ತುಂಬಿಸಿ ಹಸ್ನಾಳ ಕೈಯಲ್ಲಿ ಗೇಟಿಗೆ ಕಳುಹಿಸಿದರು, ಜೊತೆಗೆ ಖರ್ಜೂರದ ತಟ್ಟೆ. ಮುಫೀದಾ ಮಂಚದ ಅಂಚಿನಲ್ಲಿ ಕೂತು ತನ್ನ ಬಟ್ಟಲನ್ನು ಎತ್ತಿಕೊಂಡಳು. ಮೂರು ಬಟ್ಟಲಾದ ಮೇಲೂ ಅದನ್ನು ಅಲುಗಿಸಲಿಲ್ಲ. ಉಮ್ ಗಾನಿಮ್ ನಾಲ್ಕನೆಯದನ್ನು ಸುರಿದರು.